ಕಪ್ಪೆಗೆ ಬಡಿಸುವವರು ಯಾರು?



ಮೃಗಶಿರ ಮಳೆ ಬಿತ್ತೆಂದರೆ ಬೀದರ್ ಜಿಲ್ಲೆಯ ಡಾಬಕಾ ಕಡೆಯ ಊರುಗಳಲ್ಲಿ ಎರಡು ಸದ್ದುಗಳು ಏಳುತ್ತವೆ. ಹಗಲಿನಲ್ಲಿ ಹೊಲದ ಕಡೆ ಬಿತ್ತನೆಯ ಗದ್ದಲ. ರಾತ್ರಿಯಾದರೆ ಹಳ್ಳದ ಕಡೆಯಿಂದ ಕಪ್ಪೆಗಳ ವಟವಟ. ನಿಮ್ಮಲ್ಲಿ ಮನೆಯಲ್ಲಿ ಮರಾಠಿ ಆಡುವವರು ಅದನ್ನು ಬೇಡೂಕ ಎನ್ನುತ್ತೀರಿ, ಉರ್ದು ಆಡುವವರು ಮೇಂಡಕ್ ಎನ್ನುತ್ತೀರಿ. ಹೆಸರು ಯಾವುದೇ ಇರಲಿ, ಮಳೆಗಾಲದ ಮೊದಲ ವಾರದಲ್ಲಿ ಕಪ್ಪೆಯ ಹಿಂದೆ ಓಡದ ಮಕ್ಕಳು ಕಡಿಮೆ. ಒಂದು ಖಾಲಿ ಬಾಟಲಿ, ಅದರಲ್ಲಿ ಅರ್ಧ ನೀರು, ನೀರಿನಲ್ಲಿ ಒಂದು ಕಪ್ಪೆ. ಬಾಟಲಿಯ ಸುತ್ತ ನಾಲ್ಕೈದು ತಲೆಗಳು. ಸ್ವಲ್ಪ ಹೊತ್ತಿಗೆ ಯಾರಾದರೂ ಒಬ್ಬರು ಕೇಳುತ್ತಾರೆ: "ಇದಕ್ಕೆ ತಿನ್ನಲು ಏನು ಕೊಡೋಣ?"

ಈ ಪ್ರಶ್ನೆ ಕೇಳಿದವರ ಮನಸ್ಸು ಒಳ್ಳೆಯದು. ನಮಗೆ ಹಸಿವಾಗುವಂತೆ ಅದಕ್ಕೂ ಹಸಿವಾಗುತ್ತದೆ ಎಂದು ಅವರಿಗೆ ಹೊಳೆದಿದೆ. ಆದರೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಪ್ಪೆಗೆ ಉಣಿಸಬೇಕು ಎಂಬ ಆಸೆ ಸರಿ, ಅದನ್ನು ಬಾಟಲಿಯಲ್ಲಿ ಅಥವಾ ಗಾಜಿನ ತೊಟ್ಟಿಯಲ್ಲಿ ಮಾಡಲು ಹೊರಡುವುದು ತಪ್ಪು. ಕಪ್ಪೆಗೆ ಉಣಿಸಲು ಅದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಅದೇನೆಂದು ಕೊನೆಯಲ್ಲಿ ಹೇಳುತ್ತೇನೆ. ಪೂರ್ತಿ ಓದಿ, ಯೋಚಿಸಿ, ಆಮೇಲೆ ಒಪ್ಪಿಕೊಳ್ಳಿ ಅಥವಾ ನನ್ನೊಡನೆ ವಾದ ಮಾಡಿ.

ರೊಟ್ಟಿಗೆ ಕಾಲಿಲ್ಲ

ನಾನು ಆರನೇ ತರಗತಿಯಲ್ಲಿದ್ದಾಗ ಉಪ್ಪಿನಕಾಯಿಯ ಹಳೆಯ ಗಾಜಿನ ಭರಣಿಯಲ್ಲಿ ಒಂದು ಕಪ್ಪೆಯನ್ನು ಇಟ್ಟಿದ್ದೆ. ಬೆಳಿಗ್ಗೆ ಜೋಳದ ರೊಟ್ಟಿಯ ಚೂರು ಹಾಕಿದೆ. ಮಧ್ಯಾಹ್ನ ಅನ್ನದ ಅಗುಳು ಹಾಕಿದೆ. ಸತ್ತ ನೊಣಗಳನ್ನೂ ಆರಿಸಿ ತಂದು ಹಾಕಿದೆ. ಕಪ್ಪೆ ಯಾವುದನ್ನೂ ಮುಟ್ಟಲಿಲ್ಲ. ನೊಣ ಅದರ ಮೂಗಿನ ಮುಂದೆಯೇ ತೇಲುತ್ತಿತ್ತು. ಅದು ಮಾತ್ರ ಏನೂ ಕಾಣದಂತೆ ಕುಳಿತಿತ್ತು. ನನ್ನ ಅಜ್ಜಿ ನೋಡಿ ನಕ್ಕು, "ಅದಕ್ಕ ಓಡಾಡೋ ಊಟ ಬೇಕು ತಮ್ಮಾ. ನಿನ್ನ ರೊಟ್ಟಿಗಿ ಕಾಲ ಎಲ್ಲಿ ಅವ?" ಎಂದಳು. ನಾನು ಅದನ್ನು ತಮಾಷೆ ಎಂದುಕೊಂಡೆ. ನಾಲ್ಕನೇ ದಿನ ನೀರು ನಾರತೊಡಗಿತ್ತು. ಕಪ್ಪೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಅಜ್ಜಿ ಶಾಲೆಗೆ ಹೋದವಳಲ್ಲ. ಆದರೆ ಅವಳು ಹೇಳಿದ್ದು ವಿಜ್ಞಾನದ ಮಾತೇ ಆಗಿತ್ತು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

1959ರಲ್ಲಿ ಅಮೆರಿಕದಲ್ಲಿ ಲೆಟ್‌ವಿನ್ ಮತ್ತು ಅವರ ಮೂವರು ಸಂಗಡಿಗರು ಕಪ್ಪೆಯ ಕಣ್ಣಿನ ಬಗ್ಗೆ ಒಂದು ಪ್ರಸಿದ್ಧ ಸಂಶೋಧನೆಯನ್ನು ಪ್ರಕಟಿಸಿದರು. ಕಪ್ಪೆಯ ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳಲ್ಲಿ ಎಂತಹ ಸಂದೇಶಗಳು ಹರಿಯುತ್ತವೆ ಎಂದು ಅವರು ಪರೀಕ್ಷಿಸಿದ್ದರು. ಸಣ್ಣದೊಂದು ಕಪ್ಪು ಚುಕ್ಕೆ ಕಣ್ಣ ಮುಂದೆ ಚಲಿಸಿದರೆ ಕೆಲವು ನರಗಳು ತಕ್ಷಣ ಎಚ್ಚರಗೊಳ್ಳುತ್ತಿದ್ದವು. ಚುಕ್ಕೆ ಎಂದರೆ ಕಪ್ಪೆಯ ಪಾಲಿಗೆ ಹುಳು. ನಿಶ್ಚಲವಾದ ವಸ್ತುಗಳು ಕಪ್ಪೆಗೆ ಲೆಕ್ಕಕ್ಕೇ ಇಲ್ಲ. ಸುತ್ತಲೂ ಆಹಾರವಿದ್ದರೂ ಅದು ಅಲುಗಾಡದಿದ್ದರೆ ಕಪ್ಪೆ ಹಸಿವಿನಿಂದ ಸಾಯುತ್ತದೆ ಎಂದು ಅವರು ಬರೆದರು. ನನ್ನ ಭರಣಿಯಲ್ಲಿ ಆದದ್ದೂ ಅದೇ. ಕಪ್ಪೆಗೆ ಸೊಕ್ಕೂ ಇರಲಿಲ್ಲ, ಮುನಿಸೂ ಇರಲಿಲ್ಲ. ನಾನು ಬಡಿಸಿದ್ದು ಊಟವೆಂದು ಅದಕ್ಕೆ ಗೊತ್ತೇ ಆಗಿರಲಿಲ್ಲ.

ನಾಲಿಗೆಯಿಂದ ಹಿಡಿ, ಕಣ್ಣಿನಿಂದ ನುಂಗು

ಕಪ್ಪೆ ಉಣ್ಣುವ ರೀತಿ ನಮ್ಮದಕ್ಕಿಂತ ಬಹಳ ಬೇರೆ. ನಿಮ್ಮ ನಾಲಿಗೆಯನ್ನು ಮುಟ್ಟಿ ನೋಡಿಕೊಳ್ಳಿ. ಅದರ ಬುಡ ಹಿಂದೆ, ಗಂಟಲಿನ ಕಡೆ ಇದೆ. ನಮ್ಮ ಊರಿನ ಕಪ್ಪೆಗಳ ನಾಲಿಗೆಯ ಬುಡ ಬಾಯಿಯ ಮುಂಭಾಗದಲ್ಲಿದೆ. ಹುಳು ಹತ್ತಿರ ಬಂದಾಗ ಬಾಯಿ ತೆರೆದು ನಾಲಿಗೆಯನ್ನು ಮಡಿಕೆ ಬಿಚ್ಚಿದಂತೆ ಹೊರಕ್ಕೆ ಎಸೆಯುತ್ತದೆ. ಅಂಟು ಜೊಲ್ಲಿಗೆ ಹುಳು ಅಂಟಿಕೊಂಡು ಒಳಗೆ ಬರುತ್ತದೆ. ಇದೆಲ್ಲ ನೀವು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ.

ಹಿಡಿದದ್ದನ್ನು ನುಂಗುವುದು ಇನ್ನೂ ವಿಚಿತ್ರ. ಹುಳುವನ್ನು ನುಂಗುವಾಗ ಕಪ್ಪೆ ಕಣ್ಣು ಮುಚ್ಚುತ್ತದೆ. ರುಚಿಗೆ ಮುಚ್ಚಿತೇ? ಅಲ್ಲ. ಆಗ ಅದರ ಕಣ್ಣುಗುಡ್ಡೆಗಳು ತಲೆಯೊಳಗೆ ಕುಸಿದು, ಬಾಯಿಯ ಮೇಲ್ಭಾಗದಿಂದ ಕೆಳಕ್ಕೆ ಒತ್ತಿ, ತುತ್ತನ್ನು ಗಂಟಲಿನ ಕಡೆ ತಳ್ಳಲು ಸಹಾಯ ಮಾಡುತ್ತವೆ. ಕಪ್ಪೆಗೆ ಕಣ್ಣು ನೋಡಲೂ ಬೇಕು, ನುಂಗಲೂ ಬೇಕು!

ಇಂತಹ ಪ್ರಾಣಿಗೆ ಉಣಿಸಬೇಕಾದರೆ ದಿನವೂ ಜೀವಂತ ಹುಳುಗಳು ಬೇಕು. ಒಂದೇ ಬಗೆಯ ಹುಳು ಸಾಲದು. ಹಳ್ಳದ ದಂಡೆಯಲ್ಲಿ ಅದಕ್ಕೆ ಇರುವೆ, ಗೆದ್ದಲು, ಜೀರುಂಡೆ, ಮಿಡತೆ, ಸೊಳ್ಳೆ, ಎರೆಹುಳು ಎಲ್ಲ ಸಿಗುತ್ತವೆ. ನೀವು ಒಂದು ದಿನ ಹಿಡಿದು ತರುತ್ತೀರಿ, ಎರಡು ದಿನ ತರುತ್ತೀರಿ. ಮೂರನೇ ದಿನ ಪರೀಕ್ಷೆ ಇರುತ್ತದೆ, ನಾಲ್ಕನೇ ದಿನ ಅತ್ತೆಯ ಊರಿನಲ್ಲಿ ಜಾತ್ರೆ ಇರುತ್ತದೆ. ಭರಣಿಯಲ್ಲಿರುವ ಕಪ್ಪೆ ಎಲ್ಲಿಗೆ ಹೋಗಿ ಕೇಳಬೇಕು?

ಚರ್ಮದಿಂದ ಕುಡಿಯುವ ಪ್ರಾಣಿ

ಊಟದ ಮಾತು ಆಯಿತು. ಇನ್ನು ನೀರಿನ ಮಾತು. ಕಪ್ಪೆ ನಮ್ಮಂತೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ಚರ್ಮದ ಮೂಲಕ ಹೀರಿಕೊಳ್ಳುತ್ತದೆ. ಶ್ವಾಸಕೋಶಗಳ ಜೊತೆಗೆ ಚರ್ಮದಿಂದಲೂ ಉಸಿರಾಡುತ್ತದೆ. ಆದ್ದರಿಂದ ನೀರಿನಲ್ಲಿ ಏನು ಬೆರೆತಿದೆಯೋ ಅದು ಅದರ ಮೈಯೊಳಗೆ ಸೇರುತ್ತದೆ.

ಈಗ ಭರಣಿಯನ್ನು ನೆನಪಿಸಿಕೊಳ್ಳಿ. ತಿನ್ನದೆ ಬಿಟ್ಟ ರೊಟ್ಟಿ, ಅನ್ನ, ಸತ್ತ ನೊಣ ಎಲ್ಲ ಅಲ್ಲಿಯೇ ಕೊಳೆಯುತ್ತವೆ. ಕಪ್ಪೆಯ ಮಲಮೂತ್ರವೂ ಅಲ್ಲಿಯೇ. ಇವುಗಳಿಂದ ಅಮೋನಿಯಾ ಉಂಟಾಗುತ್ತದೆ. ಅದು ವಿಷ. ಹಳ್ಳದಲ್ಲಿ ನೀರು ಬಹಳ, ಅಲ್ಲಿಯ ಮಣ್ಣು ಮತ್ತು ಕಲ್ಲುಗಳ ಮೇಲೆ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಇರುತ್ತವೆ. ಅವು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟನ್ನು ಗಿಡಗಳು ಗೊಬ್ಬರವಾಗಿ ಬಳಸಿಕೊಳ್ಳುತ್ತವೆ. ಅಂಗೈಯಗಲದ ಭರಣಿಯಲ್ಲಿ ಈ ಕೆಲಸ ಮಾಡುವವರು ಯಾರು? ಊಟ ಹಾಕಿದಷ್ಟೂ ವಿಷ ಹೆಚ್ಚುತ್ತದೆ. ಪ್ರೀತಿಯಿಂದ ಹಾಕಿದ ತುತ್ತೇ ಕೊಲ್ಲುತ್ತದೆ.

ನಲ್ಲಿಯ ನೀರು ಹಾಕಿದರೂ ತೊಂದರೆ ತಪ್ಪದು. ಕುಡಿಯುವ ನೀರಿನ ಟ್ಯಾಂಕಿಗೆ ರೋಗಾಣುಗಳನ್ನು ಕೊಲ್ಲಲು ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಅದರಲ್ಲಿರುವ ಕ್ಲೋರಿನ್ ನಮಗೆ ರಕ್ಷಣೆ, ಕಪ್ಪೆಯ ಚರ್ಮಕ್ಕೆ ಉರಿ.

ಗೊದಮೊಟ್ಟೆಗಳಾದರೆ?

"ಕಪ್ಪೆ ಬೇಡ, ಗೊದಮೊಟ್ಟೆಗಳನ್ನು ಸಾಕುತ್ತೇವೆ" ಎನ್ನುವಿರಾ? ಗೊದಮೊಟ್ಟೆಯ ಊಟವೇ ಬೇರೆ. ಹೆಚ್ಚಿನ ಗೊದಮೊಟ್ಟೆಗಳು ಕಲ್ಲು, ಕಡ್ಡಿ, ಎಲೆಗಳ ಮೇಲೆ ಬೆಳೆಯುವ ಪಾಚಿಯನ್ನು ಕೆರೆದು ತಿನ್ನುತ್ತವೆ. ಆದರೆ ಎಲ್ಲವೂ ಹಾಗಲ್ಲ. ಮಳೆಗಾಲದಲ್ಲಿ ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಕಡೆ ನೀಲಿ ಚೀಲ ಉಬ್ಬಿಸಿ ಕೂಗುವ ದೊಡ್ಡ ಗೂಳಿಗಪ್ಪೆಯನ್ನು ನೀವು ನೋಡಿರಬಹುದು. ಅದರ ಗೊದಮೊಟ್ಟೆಗಳು ಮಾಂಸಾಹಾರಿಗಳು. ಬೇರೆ ಗೊದಮೊಟ್ಟೆಗಳನ್ನು ತಿನ್ನುತ್ತವೆ, ಇಕ್ಕಟ್ಟಾದರೆ ತಮ್ಮವರನ್ನೇ ತಿನ್ನುತ್ತವೆ. ಬಾಟಲಿಗೆ ಹತ್ತು ಹಾಕಿ ಬೆಳಿಗ್ಗೆ ಎದ್ದು ಎಣಿಸಿದರೆ ಆರೇ ಇರಬಹುದು!

ಗೊದಮೊಟ್ಟೆ ಕಪ್ಪೆಯಾಗುವುದನ್ನು ರೂಪಪರಿವರ್ತನೆ ಎಂದು ನೀವು ಓದುತ್ತೀರಿ. ಥೈರಾಕ್ಸಿನ್ ಎಂಬ ಹಾರ್ಮೋನು ಈ ಬದಲಾವಣೆಯನ್ನು ನಡೆಸುತ್ತದೆ. ಅದು ತಯಾರಾಗಲು ನೀರಿನಲ್ಲಿ ಅಯೋಡಿನ್ ಇರಬೇಕು. ಬದಲಾವಣೆಯ ಕೊನೆಯ ದಿನಗಳಲ್ಲಿ ಮರಿ ಉಣ್ಣುವುದನ್ನೇ ನಿಲ್ಲಿಸುತ್ತದೆ. ಪಾಚಿ ಕೆರೆಯುವ ಬಾಯಿ ಹೋಗಿ, ಹುಳು ಹಿಡಿಯುವ ಬಾಯಿ ಬರುವ ಸಮಯ ಅದು. ಆಗ ತನ್ನ ಬಾಲವನ್ನೇ ಕರಗಿಸಿಕೊಂಡು ಶಕ್ತಿ ಪಡೆಯುತ್ತದೆ. ಬಾಲವೇ ಅದರ ಬುತ್ತಿ! ಈ ದಿನಗಳಲ್ಲಿ ಅದು ನೀರಿನಿಂದ ಹೊರಗೆ ಹತ್ತಿ ಕೂರಲು ದಂಡೆ ಬೇಕು. ನುಣುಪಾದ ಬಾಟಲಿಯಲ್ಲಿ ದಂಡೆ ಎಲ್ಲಿದೆ? ಕಾಲು ಬಂದ ಮರಿಗಳು ಅಲ್ಲಿಯೇ ಮುಳುಗಿ ಸಾಯುತ್ತವೆ.

ಗಾಜಿನ ತೊಟ್ಟಿಯ ವಿದೇಶಿ ಕಪ್ಪೆ

ನಿಮ್ಮಲ್ಲಿ ಕೆಲವರು ಕೇಳಬಹುದು: "ನಗರದ ಮನೆಗಳಲ್ಲಿ ಅಕ್ವೇರಿಯಂನಲ್ಲಿ ಕಪ್ಪೆ ಸಾಕುತ್ತಾರಲ್ಲ, ಅವು ಹೇಗೆ ಬದುಕುತ್ತವೆ?" ಒಳ್ಳೆಯ ಪ್ರಶ್ನೆ. ಅವು ನಮ್ಮ ಹಳ್ಳದ ಕಪ್ಪೆಗಳಲ್ಲ. ಅವುಗಳಲ್ಲಿ ಎರಡು ಬಗೆ ಮುಖ್ಯ. ಒಂದು, ಆಫ್ರಿಕಾದ ಉಗುರುಗಪ್ಪೆ. ಇನ್ನೊಂದು, ಅದೇ ಖಂಡದ ಕುಬ್ಜ ಕಪ್ಪೆ. ಎರಡೂ ಜೀವನವಿಡೀ ನೀರಿನಲ್ಲೇ ಇರುತ್ತವೆ.

ಉಗುರುಗಪ್ಪೆಯ ಹಿಂಗಾಲಿನ ಮೂರು ಬೆರಳುಗಳಲ್ಲಿ ಕಪ್ಪು ಉಗುರುಗಳಿವೆ. ಅದಕ್ಕೆ ನಾಲಿಗೆಯೇ ಇಲ್ಲ. ನೀರನ್ನು ಒಳಕ್ಕೆ ಹೀರುತ್ತಾ, ಮುಂಗಾಲುಗಳಿಂದ ಆಹಾರವನ್ನು ಬಾಯಿಗೆ ತುರುಕಿಕೊಳ್ಳುತ್ತದೆ. ವಾಸನೆಯಿಂದಲೇ ಆಹಾರವನ್ನು ಪತ್ತೆ ಮಾಡುತ್ತದೆ. ಅದರ ಮೈಯ ಉದ್ದಕ್ಕೂ ನೀರಿನ ಅಲುಗಾಟವನ್ನು ತಿಳಿಯುವ ಅಂಗಗಳಿವೆ. ಆದ್ದರಿಂದ ಅದು ಸತ್ತ ಹುಳುವನ್ನೂ ತಿನ್ನುತ್ತದೆ, ಅಂಗಡಿಯ ಗುಳಿಗೆಯಂತಹ ಆಹಾರವನ್ನೂ ತಿನ್ನುತ್ತದೆ. ಗಾಜಿನ ತೊಟ್ಟಿಯಲ್ಲಿ ಅದು ಬದುಕಲು ಇದೇ ಕಾರಣ. ಒಂದು ಕಪ್ಪೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ.

ಈ ಕಪ್ಪೆ ಪ್ರಪಂಚವನ್ನು ಸುತ್ತಿದ ಕಥೆಯೂ ಸ್ವಾರಸ್ಯವಾಗಿದೆ. 1930ರ ದಶಕದಲ್ಲಿ, ಮಹಿಳೆಯೊಬ್ಬರು ಗರ್ಭಿಣಿಯೇ ಎಂದು ತಿಳಿಯಲು ಇದನ್ನು ಬಳಸಬಹುದು ಎಂಬುದು ಗೊತ್ತಾಯಿತು. ಅವರ ಮೂತ್ರವನ್ನು ಹೆಣ್ಣು ಉಗುರುಗಪ್ಪೆಗೆ ಚುಚ್ಚಿದರೆ, ಗರ್ಭಿಣಿಯಾಗಿದ್ದ ಪಕ್ಷದಲ್ಲಿ ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು. ಹೀಗಾಗಿ ಆಫ್ರಿಕಾದಿಂದ ಸಾವಿರಾರು ಕಪ್ಪೆಗಳು ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಗೆ ಹೋದವು. ವಿಜ್ಞಾನಿ ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೂ ಇದೇ ಕಪ್ಪೆ ನೆರವಾಯಿತು. ಆ ಕೆಲಸಕ್ಕಾಗಿ ಅವರಿಗೆ 2012ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಿಮ್ಮ ನೆಂಟರ ಮನೆಯಲ್ಲಿ ಈಗಾಗಲೇ ಇಂತಹ ಕಪ್ಪೆ ಇದ್ದರೆ ಅದನ್ನು ಚೆನ್ನಾಗಿ ನೋಡಿಕೊಳ್ಳಲಿ. ಬೆಳೆದ ಉಗುರುಗಪ್ಪೆಗೆ ದಿನವೂ ಊಟ ಬೇಕಿಲ್ಲ, ವಾರಕ್ಕೆ ಎರಡು ಮೂರು ಸಲ ಸಾಕು. ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಉಳಿದದ್ದನ್ನು ತೆಗೆದುಹಾಕಬೇಕು. ಇಲ್ಲದಿದ್ದರೆ ಅದೇ ಅಮೋನಿಯಾದ ಕಥೆ. ನಲ್ಲಿ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ನಂತರ ಬಳಸಬೇಕು. ಸಣ್ಣ ಮೀನುಗಳನ್ನು ಜೊತೆಗೆ ಬಿಡಬಾರದು, ಉಗುರುಗಪ್ಪೆ ಅವುಗಳನ್ನೇ ನುಂಗುತ್ತದೆ. ಕುಬ್ಜ ಕಪ್ಪೆಯದು ಇದಕ್ಕೆ ತಿರುಗುಮುರುಗು. ಅದರ ದೃಷ್ಟಿ ಮಂದ, ಊಟ ನಿಧಾನ. ಮೀನುಗಳ ಜೊತೆ ಇಟ್ಟರೆ ಅವೇ ಎಲ್ಲವನ್ನೂ ತಿಂದು ಕಪ್ಪೆ ಉಪವಾಸ ಬೀಳುತ್ತದೆ. ಉಗುರುಗಪ್ಪೆ 15 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಆರನೇ ತರಗತಿಯಲ್ಲಿ ತಂದ ಕಪ್ಪೆಗೆ ನೀವು ಕೆಲಸಕ್ಕೆ ಸೇರಿದ ಮೇಲೂ ಊಟ ಹಾಕಬೇಕಾದೀತು! ತರುವ ಮೊದಲು ಇದನ್ನು ಯೋಚಿಸುವವರು ಎಷ್ಟು ಮಂದಿ?

ಹಳ್ಳಕ್ಕೆ ಬಿಟ್ಟರೆ ಬಿಡುಗಡೆಯಲ್ಲ

ಬೇಸರವಾದಾಗ ಜನ ಏನು ಮಾಡುತ್ತಾರೆ ಗೊತ್ತೇ? "ಪಾಪ, ಬಿಟ್ಟುಬಿಡೋಣ" ಎಂದು ಹತ್ತಿರದ ಕೆರೆಗೆ ಹಾಕುತ್ತಾರೆ. ಇದು ಕರುಣೆಯಂತೆ ಕಾಣುತ್ತದೆ, ಆದರೆ ಅಲ್ಲ. ತಪ್ಪಿಸಿಕೊಂಡ ಹಾಗೂ ಹೀಗೆ ಬಿಟ್ಟ ಉಗುರುಗಪ್ಪೆಗಳು ಚಿಲಿ, ಫ್ರಾನ್ಸ್, ಪೋರ್ಚುಗಲ್, ಅಮೆರಿಕದ ಕ್ಯಾಲಿಫೋರ್ನಿಯಾ ಮುಂತಾದ ಕಡೆ ನೆಲೆಯೂರಿ ಅಲ್ಲಿಯ ಜಲಜೀವಿಗಳಿಗೆ ಕಂಟಕವಾಗಿವೆ. ನಮ್ಮ ರಾಜ್ಯದ ಕೆರೆಗಳಲ್ಲೂ ಅಕ್ವೇರಿಯಂನಿಂದ ಬಂದ ಸಕ್ಕರ್ ಮೀನು ಸೇರಿಕೊಂಡು ಮೀನುಗಾರರಿಗೆ ತಲೆನೋವಾಗಿದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ತಗಲುತ್ತದೆ. ಉಗುರುಗಪ್ಪೆ ಅದನ್ನು ಹೊತ್ತುಕೊಂಡೂ ಆರೋಗ್ಯವಾಗಿರಬಲ್ಲದು, ಆದರೆ ಬೇರೆ ಕಪ್ಪೆಗಳು ಸಾಯುತ್ತವೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಈ ರೋಗದಿಂದ ಪ್ರಪಂಚದಲ್ಲಿ ಕನಿಷ್ಠ 501 ಉಭಯವಾಸಿ ಪ್ರಭೇದಗಳು ಕ್ಷೀಣಿಸಿವೆ. ಅವುಗಳಲ್ಲಿ 90 ಪ್ರಭೇದಗಳು ಅಳಿದುಹೋಗಿವೆ ಎಂದು ನಂಬಲಾಗಿದೆ. ತೊಟ್ಟಿಯ ಕಪ್ಪೆಯನ್ನಾಗಲಿ, ತೊಟ್ಟಿಯ ನೀರನ್ನಾಗಲಿ ಹಳ್ಳಕ್ಕೆ ಸೇರಿಸಬಾರದು ಎನ್ನುವುದು ಇದಕ್ಕಾಗಿಯೇ.

ಕಪ್ಪೆ ಇಲ್ಲದ ಊರು

"ಒಂದು ಕಪ್ಪೆ ಸತ್ತರೆ ಏನಾಯಿತು? ಹಳ್ಳದಲ್ಲಿ ನೂರಾರು ಇವೆಯಲ್ಲ" ಎಂದು ಯಾರಾದರೂ ಕೇಳಬಹುದು. ನಮ್ಮ ದೇಶ ಒಮ್ಮೆ ಹೀಗೆಯೇ ಯೋಚಿಸಿತ್ತು. ಕಪ್ಪೆಯ ಕಾಲುಗಳನ್ನು ವಿದೇಶಗಳಿಗೆ ಮಾಂಸವಾಗಿ ಕಳುಹಿಸಲಾಗುತ್ತಿತ್ತು. 1980ರ ದಶಕದ ಆರಂಭದಲ್ಲಿ ಒಂದೇ ವರ್ಷದಲ್ಲಿ ಭಾರತದಿಂದ 4,000 ಟನ್‌ಗೂ ಹೆಚ್ಚು ಕಪ್ಪೆ ಕಾಲು ರಫ್ತಾಯಿತು. ಬರೀ ಕಾಲುಗಳು! ಅವುಗಳಿಗಾಗಿ ಎಷ್ಟು ಕಪ್ಪೆಗಳು ಸತ್ತಿರಬೇಕು, ನೀವೇ ಊಹಿಸಿ. ಹೊಲಗದ್ದೆಗಳಲ್ಲಿ ಕಪ್ಪೆ ಕಡಿಮೆಯಾಗಿ ಕೀಟಗಳು ಹೆಚ್ಚುತ್ತವೆ ಎಂದು ಪರಿಸರ ತಜ್ಞರು ಎಚ್ಚರಿಸಿದರು. ಕೊನೆಗೆ 1987ರಲ್ಲಿ ಭಾರತ ಈ ರಫ್ತನ್ನು ನಿಷೇಧಿಸಿತು. ಗೂಳಿಗಪ್ಪೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ಮಧ್ಯ ಅಮೆರಿಕದ ಕೋಸ್ಟರಿಕ ಮತ್ತು ಪನಾಮ ದೇಶಗಳಿಂದಲೂ ಒಂದು ಪಾಠ ಸಿಕ್ಕಿದೆ. ಅಲ್ಲಿ 1980ರ ದಶಕದಿಂದ ಆಚೆಗೆ ಕೈಟ್ರಿಡ್ ರೋಗ ಒಂದೊಂದೇ ಪ್ರದೇಶಕ್ಕೆ ಹರಡಿ ಕಪ್ಪೆಗಳನ್ನು ಕೊಲ್ಲುತ್ತಾ ಹೋಯಿತು. ಕಪ್ಪೆಗಳು ಇಲ್ಲವಾದ ಪ್ರದೇಶಗಳಲ್ಲಿ ನಂತರದ ವರ್ಷಗಳಲ್ಲಿ ಮಲೇರಿಯಾ ರೋಗಿಗಳ ಸಂಖ್ಯೆ ಏರಿತು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಶ್ರೀಲಂಕಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗೊದಮೊಟ್ಟೆಗಳು ಡೆಂಗಿ ಸೊಳ್ಳೆಯ ಮೊಟ್ಟೆಗಳನ್ನು ತಿಂದವು. ಕಪ್ಪೆಯ ಹೊಟ್ಟೆ ತುಂಬಿದರೆ ನಮ್ಮ ಆಸ್ಪತ್ರೆಯ ಸಾಲು ಸ್ವಲ್ಪ ಚಿಕ್ಕದಾದೀತು. ಹಾಗೆ ನೋಡಿದರೆ ಹಾವು, ಕೊಕ್ಕರೆಗಳಿಗೆ ಕಪ್ಪೆಯೇ ಊಟ. ಆಹಾರ ಸರಪಳಿಯ ನಡುವಿನ ಕೊಂಡಿ ಅದು. ನಡುವಿನ ಕೊಂಡಿ ಕಳಚಿದರೆ ಎರಡೂ ತುದಿಗಳು ಸಡಿಲವಾಗುತ್ತವೆ.

ಸಾಕದೆ ಕಲಿಯುವುದು ಹೇಗೆ?

ನನ್ನ ಅಭಿಪ್ರಾಯಕ್ಕೆ ಒಂದು ಬಲವಾದ ಆಕ್ಷೇಪ ಇದೆ. "ಹತ್ತಿರ ಇಟ್ಟುಕೊಂಡು ನೋಡಿದರೆ ತಾನೆ ಕಪ್ಪೆಯ ಮೇಲೆ ಪ್ರೀತಿ ಹುಟ್ಟುವುದು? ಪುಸ್ತಕದ ಚಿತ್ರ ನೋಡಿ ಏನು ಕಲಿಯಲು ಸಾಧ್ಯ?" ಈ ಮಾತಿನಲ್ಲಿ ಸತ್ಯವಿದೆ. ಕಪ್ಪೆಯನ್ನು ನೋಡಲೇಬೇಕು, ಪುಸ್ತಕ ಸಾಲದು. ಆದರೆ ನೋಡಲು ಹಿಡಿಯಲೇಬೇಕೇ?

ನಮ್ಮ ರಾಜ್ಯದ ಕರಾವಳಿಯಲ್ಲಿ ನಡೆದದ್ದನ್ನು ಕೇಳಿ. 2016ರಲ್ಲಿ ಉತ್ತರ ಕನ್ನಡದ ಕಡೆಯಿಂದ ನೀರುಗಪ್ಪೆಯ ಹೊಸ ಪ್ರಭೇದವೊಂದನ್ನು ವಿಜ್ಞಾನಿಗಳು ವರ್ಣಿಸಿ, ಅದಕ್ಕೆ 'ಕರಾವಳಿ' ಎಂಬ ಪದ ಸೇರಿಸಿ ಹೆಸರಿಟ್ಟರು. ಅದರ ಕೂಗು ಮಿಂಚುಳ್ಳಿ ಹಕ್ಕಿಯ ಕೂಗನ್ನು ಹೋಲುತ್ತಿತ್ತು. ಅದು ಹಕ್ಕಿಯಲ್ಲ, ಕಪ್ಪೆ ಎಂದು ಕಿವಿಗೊಟ್ಟು ಕೇಳಿದವರಿಂದ ಆ ಶೋಧ ಆರಂಭವಾಯಿತು. ಜನರ ನಡುವೆಯೇ, ಗದ್ದೆ ಬಯಲಿನ ನೀರಿನಲ್ಲಿದ್ದ ಕಪ್ಪೆ ಅದು. ಎಷ್ಟೋ ಮಂದಿಯ ಕಿವಿಗೆ ಬಿದ್ದಿದ್ದರೂ ಯಾರೂ ನಿಂತು ಕೇಳಿರಲಿಲ್ಲ!

ಡಾಬಕಾ, ಔರಾದ್, ಭಾಲ್ಕಿ ಕಡೆಯ ಹಳ್ಳ, ಬಾವಿಗಳಲ್ಲೂ ಸಾಮಾನ್ಯವಾದ ನೀರುಗಪ್ಪೆ ಇದೆ. ಮೈ ಬೂದು ಕಂದು, ಮೇಲೆ ಕಪ್ಪು ಕಲೆಗಳು. ಕಣ್ಣು ಮತ್ತು ಮೂಗನ್ನು ಮಾತ್ರ ಹೊರಗಿಟ್ಟು ತೇಲುತ್ತಿರುತ್ತದೆ. ನೀವು ಹತ್ತಿರ ಹೋದರೆ, ಚಪ್ಪಟೆ ಕಲ್ಲು ಎಸೆದಾಗ ಅದು ನೀರಿನ ಮೇಲೆ ಪುಟಿಯುತ್ತಾ ಹೋಗುತ್ತದಲ್ಲ, ಹಾಗೆ ನೀರಿನ ಮೇಲೆಯೇ ಜಿಗಿಯುತ್ತಾ ಓಡುತ್ತದೆ. ಈ ಓಟವನ್ನು ಬಾಟಲಿಯಲ್ಲಿ ನೋಡಲು ಸಾಧ್ಯವೇ? ಬಾಟಲಿಯಲ್ಲಿ ಕಾಣುವುದು ಹೆದರಿದ ಪ್ರಾಣಿ. ಅದು ಏನು ಮಾಡುವುದಿಲ್ಲ ಎಂಬುದನ್ನು ಮಾತ್ರ ನಾವು ಅಲ್ಲಿ ಕಲಿಯುತ್ತೇವೆ.

ಮಾಡಿ ನೋಡಿ: ಮಳೆಗಾಲದ ಸಂಜೆ, ಮನೆಯ ಹಿರಿಯರ ಜೊತೆ ಬೀದಿ ದೀಪದ ಕಂಬದ ಹತ್ತಿರ ಹೋಗಿ. ದೀಪಕ್ಕೆ ಬಂದ ಹುಳುಗಳು ನೆಲಕ್ಕೆ ಬೀಳುತ್ತಿರುತ್ತವೆ. ಅಲ್ಲಿಗೆ ಒರಟು ಚರ್ಮದ ನೆಲಗಪ್ಪೆ ಬಂದು ಕೂರುತ್ತದೆ. ನಾಲ್ಕು ಹೆಜ್ಜೆ ದೂರ ಅಲುಗಾಡದೆ ಕುಳಿತುಕೊಳ್ಳಿ. ಹತ್ತು ನಿಮಿಷದಲ್ಲಿ ಅದು ಎಷ್ಟು ಸಲ ಹುಳುವಿಗೆ ಬಾಯಿ ಹಾಕಿತು ಎಂದು ಎಣಿಸಿ. ಹುಳು ಸುಮ್ಮನೆ ಕುಳಿತಾಗ ಕಪ್ಪೆ ಏನು ಮಾಡುತ್ತದೆ? ಹುಳು ನಡೆಯತೊಡಗಿದಾಗ ಏನು ಮಾಡುತ್ತದೆ? ನುಂಗುವಾಗ ಕಣ್ಣು ಒಳಗೆ ಹೋಯಿತೇ? ದಿನಾಂಕ, ಸಮಯ, ಮಳೆ ಬಂದಿತ್ತೋ ಇಲ್ಲವೋ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹತ್ತು ಮಂದಿ ಗೆಳೆಯರು ಹತ್ತು ಸಂಜೆ ಬರೆದರೆ ನಿಮ್ಮ ಶಾಲೆಯಲ್ಲಿ ನೂರು ದಾಖಲೆಗಳಾಗುತ್ತವೆ. ಅದು ನಿಜವಾದ ವಿಜ್ಞಾನ. ನೆಲಗಪ್ಪೆಯ ಮೈಯ ಗ್ರಂಥಿಗಳಲ್ಲಿ ವಿಷದ ರಸ ಇರುತ್ತದೆ, ಮುಟ್ಟಬೇಡಿ. ಮುಟ್ಟಿದರೆ ಕಣ್ಣು ಉಜ್ಜಿಕೊಳ್ಳದೆ ಸೋಪಿನಿಂದ ಕೈ ತೊಳೆಯಿರಿ.

ಹೀಗೆ ಉಣಿಸೋಣ

ಈಗ ಆರಂಭದಲ್ಲಿ ಹೇಳಿದ ಒಳ್ಳೆಯ ದಾರಿಗೆ ಬರೋಣ. ನಿಮಗೆ ಶಾಲೆಯಲ್ಲಿ ಬಿಸಿಯೂಟ ಇದೆ. ಅಕ್ಕಿ ಬರುತ್ತದೆ, ಬೇಳೆ ಬರುತ್ತದೆ, ಅಡುಗೆಯವರು ಬಡಿಸುತ್ತಾರೆ. ಕಪ್ಪೆಗೆ ಬಡಿಸುವುದು ಹಳ್ಳ, ಬಾವಿ, ಹೊಲದ ಬದು. ಅವುಗಳನ್ನು ಕಾಪಾಡಿದರೆ ಒಂದಲ್ಲ, ಸಾವಿರ ಕಪ್ಪೆಗಳಿಗೆ ಉಣಿಸಿದಂತೆ.

ಒಂದು, ಔಷಧ ಹೊಡೆದ ಪಂಪನ್ನೂ ಡಬ್ಬಿಯನ್ನೂ ಹಳ್ಳದಲ್ಲಿ ತೊಳೆಯಬಾರದು ಎಂದು ಮನೆಯವರಿಗೆ ಹೇಳಿ. ಸೋಯಾ ಹೊಲಕ್ಕೆ ಹೊಡೆದ ಔಷಧ ನೀರಿಗೆ ಸೇರಿದರೆ ಕಪ್ಪೆಯ ಚರ್ಮ ಅದನ್ನು ಹೀರುತ್ತದೆ. ಅದರ ಊಟವಾದ ಹುಳುಗಳೂ ಸಾಯುತ್ತವೆ. ಅದೇ ನೀರನ್ನು ನಿಮ್ಮ ಎಮ್ಮೆಯೂ ಕುಡಿಯುತ್ತದೆ ಎಂಬುದನ್ನು ನೆನಪಿಸಿ.

ಎರಡು, ಬದುವಿನ ಹುಲ್ಲನ್ನೆಲ್ಲ ಸುಡುವುದು ಬೇಡ. ಹುಲ್ಲಿನಲ್ಲಿ ಹುಳುಗಳಿವೆ, ಹುಳುಗಳಿದ್ದರೆ ಕಪ್ಪೆ ಇದೆ. ಬೇಸಿಗೆಯಲ್ಲಿ ಅನೇಕ ಕಪ್ಪೆಗಳು ಮಣ್ಣಿನೊಳಗೆ ಸೇರಿ ಮಲಗಿ ಮಳೆಗಾಗಿ ಕಾಯುವುದೂ ಇಂತಹ ಜಾಗದಲ್ಲಿಯೇ.

ಮೂರು, 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ರಾಜ್ಯದಲ್ಲಿ ಬಹಳ ಕೃಷಿ ಹೊಂಡಗಳಾಗಿವೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಗೋಡೆ ಜಾರುತ್ತದೆ. ಒಳಗೆ ಬಿದ್ದ ಕಪ್ಪೆ ಮರಿಗಳು, ಓತಿಕ್ಯಾತಗಳು ಹತ್ತಲಾರವು. ಅಂಚಿನಿಂದ ನೀರಿನವರೆಗೆ ಒಂದು ಹಳೆಯ ಗೋಣಿಚೀಲ ಇಳಿಬಿಟ್ಟರೆ ಅದೇ ಅವುಗಳ ಏಣಿ. ಆದರೆ ನೆನಪಿಡಿ, ಈ ಕೆಲಸ ದೊಡ್ಡವರದು. ಹೊಂಡದ ಅಂಚಿಗೆ ನೀವು ಒಬ್ಬರೇ ಹೋಗಲೇಬಾರದು.

ನಾಲ್ಕು, ಈಗಾಗಲೇ ಬಾಟಲಿಯಲ್ಲಿ ಹಳ್ಳದ ಕಪ್ಪೆಯೋ ಗೊದಮೊಟ್ಟೆಯೋ ಇದ್ದರೆ ಇಂದೇ ಹಿಡಿದ ಜಾಗಕ್ಕೇ ಹಿಂತಿರುಗಿಸಿ. ಬೇರೆ ಹಳ್ಳಕ್ಕಲ್ಲ, ಅದೇ ಜಾಗಕ್ಕೆ. ಅಂಗಡಿಯಿಂದ ತಂದ ಕಪ್ಪೆಯಾದರೆ ಎಲ್ಲಿಯೂ ಬಿಡಬೇಡಿ, ಮನೆಯಲ್ಲಿಯೇ ಚೆನ್ನಾಗಿ ನೋಡಿಕೊಳ್ಳಿ. ಕಾಯಿಲೆಯಾದರೆ ಪಶುವೈದ್ಯರನ್ನು ಕೇಳಿ. ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳಿಗೆಂದೇ ಇರುವ ರಾಜ್ಯದ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ನಮ್ಮ ಬೀದರಿನಲ್ಲಿಯೇ ಇದೆ. ಮುಂದೆ ನಿಮ್ಮಲ್ಲಿ ಯಾರಾದರೂ ಅಲ್ಲಿ ಓದಿ, ಕಪ್ಪೆಗಳ ಬಗ್ಗೆ ನನಗೆ ತಿಳಿಯದ್ದನ್ನು ನನಗೇ ಕಲಿಸಬಹುದು.

ಕಿರಿದಾದ ಜಗತ್ತಿನಲ್ಲಿ ಇರುವವರನ್ನು ನಾವು ಕೂಪಮಂಡೂಕ, ಅಂದರೆ ಬಾವಿಯ ಕಪ್ಪೆ ಎಂದು ಹಂಗಿಸುತ್ತೇವೆ. ಆದರೆ ಬಾವಿಯಲ್ಲಿ ಕಪ್ಪೆಗೆ ಊಟವಿದೆ, ನೀರಿದೆ, ನಂಟರಿದ್ದಾರೆ, ಮೇಲೆ ಆಕಾಶವೂ ಇದೆ. ಬಾವಿಗಿಂತ ಕಿರಿದಾದದ್ದು ನನ್ನ ಆ ಉಪ್ಪಿನಕಾಯಿ ಭರಣಿ. ಇಂದು ರಾತ್ರಿ ಮಳೆ ಬಂದರೆ ಕಿಟಕಿಯ ಹತ್ತಿರ ಕುಳಿತು ಕೇಳಿ. ಎಷ್ಟು ಬಗೆಯ ಕೂಗುಗಳಿವೆ ಎಂದು ಎಣಿಸಿ, ನಾಳೆ ತರಗತಿಯಲ್ಲಿ ಹೇಳಿ.